ಕಣಜ ಕಾಯುವ ಬೆಕ್ಕಿನ ಹಲ್ಲು: ಆಹಾರ ಮತ್ತು ಅಗಿಯುವ ಅಭ್ಯಾಸದಿಂದ ರಕ್ಷಣೆ

ರೈತನ ಮನೆಯಲ್ಲಿ ಬೆಕ್ಕು ಕೇವಲ ಮುದ್ದಿನ ಪ್ರಾಣಿಯಲ್ಲ. ಕಣಜ, ಉಗ್ರಾಣ ಮತ್ತು ಬೀಜದ ಚೀಲಗಳ ಸುತ್ತ ರಾತ್ರಿಯೆಲ್ಲ ಕಾವಲು ತಿರುಗುವ ಆಳು ಅದು. ಇಲಿಗಳು ತಿಂದು ಮುಗಿಸುವ ಕಾಳು ನಷ್ಟದ ಒಂದು ಭಾಗ ಮಾತ್ರ. ಹಿಕ್ಕೆ, ಮೂತ್ರ ಮತ್ತು ಕೂದಲು ಬಿದ್ದು ಕೆಡುವ ಕಾಳು, ಕಡಿದು ತೂತಾದ ಗೋಣಿಚೀಲ, ಮೊಳಕೆಯ ಭಾಗವನ್ನೇ ಕಳೆದುಕೊಂಡ ಮುಸುಕಿನ ಜೋಳದ ಬಿತ್ತನೆ ಬೀಜ, ಇವೆಲ್ಲವನ್ನೂ ಕೂಡಿದರೆ ನಷ್ಟದ ಪೂರ್ಣ ಲೆಕ್ಕ ಸಿಗುತ್ತದೆ. ಬೆಳೆಯುವುದರಷ್ಟೇ ಬೆಳೆದುದನ್ನು ಉಳಿಸಿಕೊಳ್ಳುವುದೂ ಬೇಸಾಯದ ಭಾಗ. ಆದುದರಿಂದಲೇ ಬೇಸಾಯಶಾಸ್ತ್ರದ ಪುಟದಲ್ಲಿ ಬೆಕ್ಕಿನ ಹಲ್ಲಿನ ವಿಷಯಕ್ಕೂ ಸ್ಥಳವಿದೆ.

"ಬೆಕ್ಕಿಗೆ ವಯಸ್ಸಾಯಿತು, ಈಗ ಇಲಿ ಹಿಡಿಯುವುದಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಎಂಟು ಹತ್ತು ವರ್ಷ ದುಡಿಯಬಲ್ಲ ಬೆಕ್ಕು ನಾಲ್ಕೈದು ವರ್ಷಕ್ಕೇ ಒಲೆಯ ಪಕ್ಕ ಮುದುಡಿ ಕುಳಿತರೆ ಅದಕ್ಕೆ ಸೋಮಾರಿತನವೇ ಕಾರಣವೆಂದು ತಿಳಿಯಬಾರದು. ಬಾಯಿ ತೆರೆದು ನೋಡಿದರೆ ಅನೇಕ ವೇಳೆ ಕೆಂಪಾಗಿ ಊದಿದ ವಸಡು, ಕಂದುಬಣ್ಣದ ಕಿಟ್ಟ ಮೆತ್ತಿದ ದವಡೆಹಲ್ಲು, ಅಲುಗಾಡುವ ಕೋರೆಹಲ್ಲು ಕಾಣುತ್ತವೆ. ಇದರಲ್ಲಿ ಬಹಳಷ್ಟನ್ನು ತಡೆಯಲು ಸಾಧ್ಯವಿದೆ. ಅದಕ್ಕೆ ಬೇಕಾದುದು ಆಹಾರದಲ್ಲಿ ಸ್ವಲ್ಪ ಬದಲಾವಣೆ ಮತ್ತು ವಾರಕ್ಕೊಮ್ಮೆ ಬಾಯಿ ನೋಡುವ ಅಭ್ಯಾಸ.

ಬೆಕ್ಕಿನ ಹಲ್ಲಿನ ರಚನೆ

ಬೆಕ್ಕಿನ ಮರಿಗೆ 26 ಹಾಲುಹಲ್ಲುಗಳು. ಇವು ಎರಡು ಮೂರನೆಯ ವಾರದಿಂದ ಮೂಡತೊಡಗಿ ಆರನೆಯ ವಾರದ ಸುಮಾರಿಗೆ ಪೂರ್ಣವಾಗುತ್ತವೆ. ನಾಲ್ಕನೆಯ ತಿಂಗಳಿನ ಹೊತ್ತಿಗೆ ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರಲು ತೊಡಗುತ್ತದೆ. ಆರು ತಿಂಗಳು ತುಂಬುವಾಗ ಬಾಯಿಯಲ್ಲಿ 30 ಹಲ್ಲುಗಳಿರಬೇಕು. ಅವುಗಳ ವಿಂಗಡಣೆ ಹೀಗಿದೆ:

ಮುಂಬದಿಯ ಸಣ್ಣ ಬಾಚಿಹಲ್ಲು – 12
ಕೋರೆಹಲ್ಲು – 4
ಕೋರೆಯ ಹಿಂದಿನ ಮುಂದವಡೆಹಲ್ಲು – 10
ಹಿಂದವಡೆಹಲ್ಲು – 4

ಪ್ರತಿಯೊಂದು ಗುಂಪಿಗೂ ತನ್ನದೇ ಕೆಲಸವಿದೆ. ಬಾಚಿಹಲ್ಲುಗಳಿಂದ ಬೆಕ್ಕು ಮೈಯ ಚಿಗಟ ಹೆಕ್ಕುತ್ತದೆ, ಮೂಳೆಗೆ ಅಂಟಿದ ಮಾಂಸ ಕೆರೆಯುತ್ತದೆ. ಕೋರೆಹಲ್ಲುಗಳನ್ನು ಇಲಿಯ ಕತ್ತಿನ ಹಿಂಭಾಗದಲ್ಲಿ ಊರಿ ಬೆನ್ನುಹುರಿ ತುಂಡಾಗುವಂತೆ ಕಚ್ಚುತ್ತದೆ. ದವಡೆಯ ಎರಡೂ ಪಕ್ಕದಲ್ಲಿ ಮೇಲಿನದೊಂದು, ಕೆಳಗಿನದೊಂದು ದೊಡ್ಡ ಹಲ್ಲು ಕತ್ತರಿಯ ಅಲಗುಗಳಂತೆ ಒಂದರ ಪಕ್ಕ ಒಂದು ಜಾರಿ ಮಾಂಸ, ಚರ್ಮ, ನರಗಳನ್ನು ಕತ್ತರಿಸುತ್ತವೆ. ದನ ಮೆಲುಕು ಹಾಕುವಾಗ ದವಡೆ ಅತ್ತಿತ್ತ ಆಡುವುದನ್ನು ನಾವು ಕಾಣುತ್ತೇವೆ. ಬೆಕ್ಕಿನ ದವಡೆ ಹಾಗೆ ಆಡುವುದಿಲ್ಲ, ಮೇಲೆ ಕೆಳಗೆ ಮಾತ್ರ ಚಲಿಸುತ್ತದೆ. ಅಂದರೆ ಬೆಕ್ಕಿನ ಬಾಯಿ ಬೀಸುವ ಕಲ್ಲಲ್ಲ, ಕತ್ತರಿ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಸಲಹೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಕತ್ತರಿಗೆ ಕತ್ತರಿಸಲು ಕೆಲಸ ಬೇಕು.

ಪಾಚಿಯಿಂದ ಕಿಟ್ಟ, ಕಿಟ್ಟದಿಂದ ವಸಡಿನ ರೋಗ

ಸ್ವಚ್ಛವಾದ ಹಲ್ಲಿನ ಮೇಲೂ ಕೆಲವೇ ಗಂಟೆಗಳಲ್ಲಿ ಜೊಲ್ಲಿನ ಅಂಶ ಮತ್ತು ಸೂಕ್ಷ್ಮಾಣುಗಳು ಸೇರಿ ತೆಳುವಾದ ಲೋಳೆಪದರ ಕಟ್ಟುತ್ತವೆ. ಇದನ್ನು ಪಾಚಿ ಎನ್ನೋಣ. ಕೆರೆಯ ಮೆಟ್ಟಿಲಿನ ಮೇಲಿನ ಹೊಸ ಪಾಚಿಯಂತೆ ಇದು ಮೆತ್ತಗಿರುತ್ತದೆ, ಉಜ್ಜಿದರೆ ಹೋಗುತ್ತದೆ. ಹಾಗೆಯೇ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಲವಣಗಳು ಇದರಲ್ಲಿ ಇಳಿದು ಕೆಲವು ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಹಳದಿ ಅಥವಾ ಕಂದುಬಣ್ಣದ ಈ ಗಟ್ಟಿ ಪದರವೇ ಕಿಟ್ಟ. ಗಡಸು ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯನ್ನು ಎಲ್ಲರೂ ನೋಡಿದ್ದೇವೆ, ಇದೂ ಹೆಚ್ಚುಕಡಿಮೆ ಅಂಥದೇ.

ಕಿಟ್ಟ ತಾನೇ ದೊಡ್ಡ ಶತ್ರುವಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಸುಲಭವಾಗಿ ನೆಲೆಯೂರುತ್ತದೆ, ವಸಡಿನ ಅಂಚಿನ ಕೆಳಕ್ಕೆ ಇಳಿಯುತ್ತದೆ. ಆಗ ವಸಡು ಕೆಂಪಾಗಿ ಊದುತ್ತದೆ. ಈ ಹಂತದಲ್ಲಿ ಸ್ವಚ್ಛಗೊಳಿಸಿದರೆ ವಸಡು ಮೊದಲಿನಂತಾಗುತ್ತದೆ. ಅಲಕ್ಷಿಸಿದರೆ ಹಲ್ಲನ್ನು ಹಿಡಿದಿರುವ ತಂತುಗಳು ಮತ್ತು ದವಡೆಯ ಮೂಳೆ ಕರಗತೊಡಗುತ್ತವೆ. ಒಮ್ಮೆ ಕರಗಿದ ಮೂಳೆ ಮರಳಿ ಬರುವುದಿಲ್ಲ. ಬೇರಿನ ಸುತ್ತಲ ಮಣ್ಣು ಕೊಚ್ಚಿಹೋದ ಗಿಡದಂತೆ ಹಲ್ಲು ಅಲುಗಾಡಿ ಬೀಳುತ್ತದೆ.

ಮನುಷ್ಯರಲ್ಲಿ ಕಾಣುವಂತೆ ಸಿಹಿಯಿಂದ ಹಲ್ಲು ಹುಳುಕಾಗುವುದು ಬೆಕ್ಕುಗಳಲ್ಲಿ ಕಂಡುಬರುವುದಿಲ್ಲವೆಂದೇ ಹೇಳಬಹುದು. ಅವುಗಳ ಹಲ್ಲಿನಲ್ಲಿ ಆಹಾರ ಸಿಕ್ಕಿಕೊಳ್ಳುವ ಕುಳಿಗಳು ಕಡಿಮೆ, ಜೊಲ್ಲು ಸ್ವಲ್ಪ ಕ್ಷಾರಗುಣದ್ದು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಸಿಹಿ ಗುರುತಿಸಲು ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಬೆಕ್ಕಿನ ಜಾತಿಯಲ್ಲಿ ಕೆಲಸ ಮಾಡುವುದಿಲ್ಲವೆಂದು 2005ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಆದರೆ ಹುಳುಕಿಲ್ಲದ ಮಾತ್ರಕ್ಕೆ ಬೆಕ್ಕಿನ ಹಲ್ಲು ಸುರಕ್ಷಿತವೆಂದಲ್ಲ. ವಸಡಿನ ರೋಗದ ಜೊತೆಗೆ, ಹಲ್ಲು ತನ್ನಷ್ಟಕ್ಕೆ ತಾನೇ ಬುಡದಿಂದ ಕರಗುವ ಇನ್ನೊಂದು ರೋಗವೂ ನಡುವಯಸ್ಸು ದಾಟಿದ ಬೆಕ್ಕುಗಳಲ್ಲಿ ಸಾಮಾನ್ಯ. ಇದು ಬಹಳ ನೋವು ಕೊಡುವಂಥದು. ಇದನ್ನು ಆಹಾರದಿಂದ ತಡೆಯಲಾಗದು, ಅಂಥ ಹಲ್ಲನ್ನು ಪಶುವೈದ್ಯರು ಕೀಳಬೇಕಾಗುತ್ತದೆ.

ಅಗಿಯುವುದರಿಂದ ಎಷ್ಟು ಪ್ರಯೋಜನ?

ಬೇಟೆಯಾಡಿ ತಿನ್ನುವ ಬೆಕ್ಕು ಇಲಿಯ ಚರ್ಮ, ಮಾಂಸಖಂಡ, ನರ ಎಲ್ಲವನ್ನೂ ಪಕ್ಕದ ಹಲ್ಲುಗಳಿಂದ ಕತ್ತರಿಸಬೇಕು. ಪ್ರತಿ ಕಡಿತದಲ್ಲೂ ಹಲ್ಲು ಆ ಗಟ್ಟಿ ಪದಾರ್ಥದೊಳಕ್ಕೆ ವಸಡಿನ ಸಮೀಪದವರೆಗೆ ಇಳಿದು ಹೊರಬರುತ್ತದೆ. ಆಗ ಹಲ್ಲಿನ ಮೈ ಒರೆಸಿದಂತಾಗುತ್ತದೆ. ಹಾಲನ್ನ ನೆಕ್ಕುವ ಬೆಕ್ಕಿನ ಹಲ್ಲಿಗೆ ಈ ಒರೆತ ಸಿಗುವುದಿಲ್ಲ.

ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ಆಸ್ಟ್ರೇಲಿಯದಲ್ಲಿ ಕಾಡುಬಿದ್ದ ಬೆಕ್ಕುಗಳನ್ನೂ ಅಂಗಡಿಯ ಆಹಾರ ತಿನ್ನುವ ಸಾಕುಬೆಕ್ಕುಗಳನ್ನೂ ಹೋಲಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೇಟೆಯಾಡುವ ಬೆಕ್ಕುಗಳ ಹಲ್ಲಿನಲ್ಲಿ ಕಿಟ್ಟ ಸ್ಪಷ್ಟವಾಗಿ ಕಡಿಮೆಯಿತ್ತು. ಆದರೆ ವಸಡಿನ ರೋಗದಲ್ಲಿ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಮಾರಿಯನ್ ದ್ವೀಪದ ಕಥೆ ಇದಕ್ಕೆ ಇನ್ನೊಂದು ನಿದರ್ಶನ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿರುವ ಈ ದ್ವೀಪದ ಹವಾಮಾನ ಕೇಂದ್ರದಲ್ಲಿ ಇಲಿಮರಿಗಳ ಕಾಟ ತಡೆಯಲು 1949ರಲ್ಲಿ ಐದು ಬೆಕ್ಕುಗಳನ್ನು ತಂದು ಬಿಟ್ಟರು. ಅವು ಕಾಡುಬಿದ್ದು ಸಾವಿರಗಟ್ಟಲೆ ಹೆಚ್ಚಿ ಕಡಲಹಕ್ಕಿಗಳನ್ನು ತಿನ್ನತೊಡಗಿದವು. 1991ರ ಹೊತ್ತಿಗೆ ಅವುಗಳನ್ನು ಪೂರ್ತಿ ನಿರ್ಮೂಲ ಮಾಡಬೇಕಾಯಿತು. ಆ ಬೆಕ್ಕುಗಳ 300ಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಲ್ಲಿನ ಸುತ್ತಲ ಮೂಳೆ ಸವೆದಿರುವ ಗುರುತುಗಳು ಕಂಡವು. ಅವು ಜೀವಮಾನವಿಡೀ ಹಸಿ ಬೇಟೆಯನ್ನೇ ತಿಂದ ಬೆಕ್ಕುಗಳು.

ಇದರಿಂದ ತಿಳಿಯುವುದೇನೆಂದರೆ, ಅಗಿಯುವ ಆಹಾರ ಕಿಟ್ಟವನ್ನು ಕಡಿಮೆ ಮಾಡುತ್ತದೆ, ರೋಗವನ್ನು ಪೂರ್ತಿ ತಡೆಯುವುದಿಲ್ಲ. ಕಳೆ ಕೀಳುವುದರಿಂದ ಬೆಳೆಗೆ ಒಳಿತೇ, ಆದರೆ ಕಳೆ ಕಿತ್ತ ಮಾತ್ರಕ್ಕೆ ಬೆಂಕಿರೋಗ ಬಾರದೆಂದು ಯಾರೂ ಹೇಳುವುದಿಲ್ಲ. ಹಾಗೆಯೇ ಇಲ್ಲಿಯೂ ಆಹಾರದ ಜೊತೆಗೆ ಬಾಯಿಯ ತಪಾಸಣೆ ಅವಶ್ಯ.

ನಮ್ಮ ಮನೆಗಳ ಆಹಾರದ ಕೊರತೆಗಳು

ಹಾಲು ಅನ್ನ, ಮೊಸರನ್ನ, ಸಾರಿನಲ್ಲಿ ಕಲಸಿದ ಮುದ್ದೆ: ಇವು ನಮ್ಮ ಮನೆಗಳಲ್ಲಿ ಬೆಕ್ಕಿಗೆ ಸಿಗುವ ಸಾಮಾನ್ಯ ಊಟ. ಮೆತ್ತಗಿನ ಈ ಆಹಾರದಲ್ಲಿ ಹಲ್ಲಿಗೆ ಕೆಲಸವಿಲ್ಲ. ಅದಕ್ಕಿಂತ ದೊಡ್ಡ ದೋಷವೆಂದರೆ ಪೋಷಕಾಂಶದ ಕೊರತೆ. ಬೆಕ್ಕು ಮಾಂಸಾಹಾರದಿಂದಲೇ ಬದುಕಬೇಕಾದ ಪ್ರಾಣಿ. ಟಾರಿನ್ ಎಂಬ ಪದಾರ್ಥ ಅದಕ್ಕೆ ಆಹಾರದಿಂದಲೇ ದೊರೆಯಬೇಕು. ಇದು ಮಾಂಸ ಮತ್ತು ಮೀನಿನಲ್ಲಿದೆ, ಧಾನ್ಯ ತರಕಾರಿಗಳಲ್ಲಿ ಇಲ್ಲ. ಟಾರಿನ್ ಇಲ್ಲದಿದ್ದರೆ ಬೆಕ್ಕಿನ ಕಣ್ಣಿನ ಒಳಪದರ ಹಾಳಾಗುವುದೆಂದು 1975ರಲ್ಲಿ, ಹೃದಯ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿ ಸಂಶೋಧನೆಗಳು ತೋರಿಸಿದವು. ಗಜ್ಜರಿ, ಸೊಪ್ಪಿನಲ್ಲಿರುವ ಹಳದಿ ಅಂಶವನ್ನು ನಮ್ಮ ದೇಹ ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳುತ್ತದೆ. ಬೆಕ್ಕಿಗೆ ಆ ಶಕ್ತಿಯೂ ಇಲ್ಲ. ಇನ್ನು ಮಲೆನಾಡು ಕರಾವಳಿಗಳ ಮನೆಗಳಲ್ಲಿ ಕೊಡುವ ಒಣಮೀನಿನಲ್ಲಿ ಉಪ್ಪು ವಿಪರೀತ. ನೀರಿನಲ್ಲಿ ನೆನೆಸಿ, ನೀರು ಚೆಲ್ಲಿ, ಬೇಯಿಸಿ, ಸ್ವಲ್ಪವೇ ಕೊಡಬೇಕು.

ಇದಕ್ಕೆ ವಿರುದ್ಧವಾಗಿ, ಮೂಳೆಯಿಲ್ಲದ ಮಾಂಸವನ್ನು ಮಾತ್ರ ಕೊಡುವುದೂ ತಪ್ಪು. ಮಾಂಸದಲ್ಲಿ ಸುಣ್ಣದ ಅಂಶಕ್ಕಿಂತ ರಂಜಕ ಸುಮಾರು 15ರಿಂದ 20 ಪಟ್ಟು ಹೆಚ್ಚು. ಬೆಳೆಯುವ ಮರಿಗೆ ತಿಂಗಳುಗಟ್ಟಲೆ ಇಂಥ ಆಹಾರವನ್ನೇ ಕೊಟ್ಟರೆ ದೇಹವು ಮೂಳೆಯಿಂದ ಸುಣ್ಣವನ್ನು ಎಳೆದುಕೊಳ್ಳುತ್ತದೆ. ಕಾಲಿನ ಮೂಳೆ ಮುರಿಯುತ್ತದೆ, ಹಲ್ಲು ಹಿಡಿದಿರುವ ದವಡೆಯ ಮೂಳೆಯೂ ತೆಳುವಾಗುತ್ತದೆ. ಇಡೀ ಇಲಿಯನ್ನು ತಿಂದ ಬೆಕ್ಕಿಗೆ ಮೂಳೆಯ ಸುಣ್ಣ, ಯಕೃತ್ತಿನ ಎ ಜೀವಸತ್ವ, ಮಾಂಸದ ಟಾರಿನ್ ಎಲ್ಲವೂ ಒಂದೇ ತುತ್ತಿನಲ್ಲಿ ದೊರೆಯುತ್ತವೆ.

ಕೊಡಬೇಕಾದ ಆಹಾರ

1. ಗಟ್ಟಿ ಮಾಂಸದ ಪಟ್ಟಿಗಳು: ಕುರಿ ಮೇಕೆಯ ಗುಂಡಿಗೆ, ನರವಿರುವ ಮಾಂಸ, ಕೋಳಿ ಹೊಟ್ಟೆಯ ಗಟ್ಟಿ ಮಾಂಸ ಇವು ಅಗ್ಗವಾಗಿ ಸಿಗುತ್ತವೆ. ಇವನ್ನು ಕೊಚ್ಚಬಾರದು. ಕಿರುಬೆರಳಿನ ಗಾತ್ರದ ಉದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಸೇರಿಸದೆ ಬೇಯಿಸಿ, ಆರಿದ ಮೇಲೆ ಕೊಡಬೇಕು. ಬೆಕ್ಕು ತಲೆಯನ್ನು ಓರೆಮಾಡಿ ಪಕ್ಕದ ಹಲ್ಲಿನಿಂದ ಕಡಿಯುತ್ತಿದ್ದರೆ ಪಟ್ಟಿಯ ಗಾತ್ರ ಸರಿಯಾಗಿದೆ ಎಂದು ತಿಳಿಯಬಹುದು. ಒಮ್ಮೆಗೇ ನುಂಗಿದರೆ ಮುಂದಿನ ಸಲ ಉದ್ದ ಹೆಚ್ಚಿಸಿ. ವಾರಕ್ಕೆ ಮೂರು ನಾಲ್ಕು ದಿನ ಹೀಗೆ ಕೊಡುವುದು ಒಳ್ಳೆಯದು.

2. ಸುಣ್ಣದ ಪೂರೈಕೆ: ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿಮಾಡಿ ಇಟ್ಟುಕೊಳ್ಳಿ. ಅರ್ಧ ಕಿಲೋ ಮೂಳೆಯಿಲ್ಲದ ಮಾಂಸಕ್ಕೆ ಅರ್ಧ ಟೀ ಚಮಚದಷ್ಟು ಪುಡಿ ಸಾಕು.

3. ಸಣ್ಣ ಮೀನು: ಬೂತಾಯಿಯಂಥ ಮೀನನ್ನು ಕುಕ್ಕರಿನಲ್ಲಿ ಮೂಳೆ ಬೆರಳಿನಿಂದ ಹಿಸುಕಿದರೆ ಪುಡಿಯಾಗುವವರೆಗೆ ಬೇಯಿಸಿ ಕೊಡಬಹುದು. ಇದು ಹಲ್ಲು ಒರೆಸುವುದಿಲ್ಲ, ಆದರೆ ಸುಣ್ಣ ಒದಗಿಸುತ್ತದೆ. ಕೆಲವು ಮೀನುಗಳನ್ನು ಹಸಿಯಾಗಿ ಕೊಟ್ಟರೆ ಬಿ1 ಜೀವಸತ್ವ ನಾಶವಾಗುವುದರಿಂದ ಬೇಯಿಸುವುದೇ ಕ್ಷೇಮ.

4. ಮಾಂಸ ತಾರದ ಮನೆಗಳಲ್ಲಿ: ಹಾಲು ಅನ್ನದ ಮೇಲೆಯೇ ಬೆಕ್ಕನ್ನು ಬೆಳೆಸುವುದು ಸರಿಯಲ್ಲ. ಟಾರಿನ್ ಸೇರಿಸಿ ತಯಾರಿಸಿದ ಬೆಕ್ಕಿನ ಒಣ ಆಹಾರ ಪೊಟ್ಟಣಗಳಲ್ಲಿ ಸಿಗುತ್ತದೆ. ನಾಯಿಯ ಆಹಾರ ಇದಕ್ಕೆ ಬದಲಿಯಾಗದು.

5. ಮರಿಗೆ ಅಭ್ಯಾಸ: ಎಳೆಯ ವಯಸ್ಸಿನಲ್ಲಿ ಕಂಡ ಆಹಾರವನ್ನೇ ಬೆಕ್ಕು ದೊಡ್ಡದಾದ ಮೇಲೂ ಬಯಸುತ್ತದೆ. ಹಲ್ಲು ಬದಲಾಗುವ ನಾಲ್ಕರಿಂದ ಆರನೆಯ ತಿಂಗಳಲ್ಲಿ ಮರಿ ಕಂಡದ್ದನ್ನೆಲ್ಲ ಕಡಿಯುತ್ತದೆ. ಅಗಿಯುವ ಆಹಾರ ರೂಢಿಮಾಡಿಸಲು ಇದೇ ತಕ್ಕ ಕಾಲ.

ಅಂಗಡಿಯ ಒಣ ಆಹಾರದ ಬಗ್ಗೆ ಒಂದು ಮಾತು. ಗಟ್ಟಿಯಾಗಿರುವುದೆಲ್ಲ ಹಲ್ಲು ತೊಳೆಯುತ್ತದೆಂಬುದು ತಪ್ಪು ಕಲ್ಪನೆ. ಸಾಮಾನ್ಯ ಕಾಳುಗಳು ಹಲ್ಲಿನ ತುದಿ ತಗುಲುತ್ತಲೇ ಪುಡಿಯಾಗುತ್ತವೆ, ವಸಡಿನ ಅಂಚು ಮುಟ್ಟುವುದೇ ಇಲ್ಲ. ಹಲ್ಲಿಗೆಂದೇ ತಯಾರಿಸಿದ ಆಹಾರದ ಕಾಳು ದೊಡ್ಡದು, ನಾರಿನಿಂದ ಕೂಡಿದ್ದು. ಹಲ್ಲು ಅದರೊಳಗೆ ಇಳಿದ ಮೇಲೆಯೇ ಅದು ಒಡೆಯುತ್ತದೆ. ಕೆಲವದರಲ್ಲಿ ಜೊಲ್ಲಿನ ಸುಣ್ಣವನ್ನು ಹಿಡಿದಿಟ್ಟು ಕಿಟ್ಟ ಕಟ್ಟದಂತೆ ತಡೆಯುವ ಫಾಸ್ಫೇಟ್ ಲವಣವೂ ಇರುತ್ತದೆ. ಬೆಲೆ ಹೆಚ್ಚು. ಕೊಳ್ಳಬಲ್ಲವರು ಪಶುವೈದ್ಯರನ್ನು ಕೇಳಿ ಕೊಳ್ಳಬಹುದು.

ಮೂಳೆ ಕೊಡಬಹುದೇ?

ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಕುರಿಯ ದಪ್ಪ ಮೂಳೆ ಕಡಿಯಹೋಗಿ ಹಲ್ಲೇ ಮುರಿಯುವುದುಂಟು. ಬೆಕ್ಕಿನ ಹಲ್ಲಿನ ಹೊರಕವಚ ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ್ದು. ಹಸಿ ಕೋಳಿಯ ಕತ್ತು ಹಲ್ಲಿಗೆ ಒಳ್ಳೆಯದೆಂದು ಹೇಳುವವರಿದ್ದಾರೆ. ಆದರೆ ಹಸಿ ಮಾಂಸದಿಂದ ಭೇದಿಯ ರೋಗಾಣುಗಳು, ಹಕ್ಕಿಜ್ವರ ಮತ್ತು ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿಗೆ ತಗುಲಬಹುದು. ಈ ಕೊನೆಯದು ಬೆಕ್ಕಿನ ಮಲದ ಮೂಲಕ ಮನುಷ್ಯರಿಗೂ ಬರುತ್ತದೆ, ಗರ್ಭಿಣಿಯರಿಗೆ ಅಪಾಯಕಾರಿ. ಇಲಿ ಹಿಡಿಯುವ ಬೆಕ್ಕಿಗೆ ಇದು ಹೇಗೂ ತಗುಲಬಹುದಾದುದರಿಂದ ಗರ್ಭಿಣಿಯರು ಬೆಕ್ಕಿನ ಮಲ ಬಳಿಯುವ ಕೆಲಸ ಮಾಡಬಾರದು. ಒಟ್ಟಿನಲ್ಲಿ ಬೇಯಿಸಿದ, ಮೂಳೆಯಿಲ್ಲದ, ನರವಿರುವ ಮಾಂಸವೇ ರೈತರ ಮನೆಗೆ ತಕ್ಕ ಮಾರ್ಗ.

ಬಟ್ಟೆಯಿಂದ ಒರೆಸುವುದು

ಪಾಚಿ ತೆಗೆಯಲು ಎಲ್ಲಕ್ಕಿಂತ ಪರಿಣಾಮಕಾರಿ ಕ್ರಮವೆಂದರೆ ದಿನವೂ ಉಜ್ಜುವುದು. ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ತುಟಿಯನ್ನು ಸ್ವಲ್ಪ ಮೇಲೆತ್ತಿ ಹಲ್ಲಿನ ಹೊರಮೈಯನ್ನು ಮಾತ್ರ ಒರೆಸಿದರೆ ಸಾಕು. ಒಳಮೈಯನ್ನು ನಾಲಗೆ ನೋಡಿಕೊಳ್ಳುತ್ತದೆ. ಮರಿಯಿದ್ದಾಗಿನಿಂದ ಕೈಗೆ ಒಗ್ಗಿದ ಬೆಕ್ಕಿನಲ್ಲಿ ಮಾತ್ರ ಇದು ಸಾಧ್ಯ. ಒಪ್ಪದ ಬೆಕ್ಕನ್ನು ಅದುಮಿ ಹಿಡಿದು ಬಲವಂತ ಮಾಡಬಾರದು.

ವಾರಕ್ಕೊಮ್ಮೆ ನೋಡಬೇಕಾದ ಗುರುತುಗಳು

– ಬಾಯಿಯಿಂದ ದುರ್ನಾತ
– ಹಲ್ಲಿನ ಬುಡದಲ್ಲಿ ವಸಡಿನ ಕೆಂಪು ಗೆರೆ, ದವಡೆಹಲ್ಲಿನ ಮೇಲೆ ಕಂದು ಕಿಟ್ಟ
– ಒಂದೇ ಪಕ್ಕದಲ್ಲಿ ಅಗಿಯುವುದು, ತುತ್ತನ್ನು ಬಾಯಿಂದ ಬೀಳಿಸುವುದು
– ಜೊಲ್ಲು ಸುರಿಸುವುದು, ಮುಂಗಾಲಿನಿಂದ ಬಾಯಿ ಒರೆಸಿಕೊಳ್ಳುವುದು
– ಮೈ ನೆಕ್ಕದೆ ಕೂದಲು ಜಡೆಗಟ್ಟುವುದು
– ಹಸಿವಿನಿಂದ ತಟ್ಟೆಯ ಬಳಿ ಬಂದು, ಮೂಸಿ, ಹಿಂದೆ ಸರಿಯುವುದು

ಕೊನೆಯ ಗುರುತು ಬಹಳ ಮುಖ್ಯ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡಿದ್ದು ಹಾಲು ಬೇಡವೆಂದಲ್ಲ, ಬಾಯಿ ಸುಟ್ಟ ನೆನಪಿನಿಂದ. ಹಲ್ಲುನೋವಿನ ಬೆಕ್ಕೂ ಹಾಗೆಯೇ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಎಚ್ಚರಿಕೆ: ಹುಚ್ಚುರೋಗದಲ್ಲಿಯೂ ಬೆಕ್ಕು ಜೊಲ್ಲು ಸುರಿಸುತ್ತದೆ, ನುಂಗಲು ಕಷ್ಟಪಡುತ್ತದೆ. ಚುಚ್ಚುಮದ್ದು ಹಾಕಿಸದ, ನಡತೆ ಬದಲಾದ ಬೆಕ್ಕಿನ ಬಾಯಿಗೆ ಕೈ ಹಾಕಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ವಸಡಿನ ರಕ್ತ ಮತ್ತು ಇಲಿ ಪಾಷಾಣ

ರೈತರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಇದು. ಹಲ್ಲಿನಲ್ಲಿ ಕಿಟ್ಟವಿಲ್ಲದಿದ್ದರೂ ವಸಡಿನಿಂದ ರಕ್ತ ಒಸರುತ್ತಿದ್ದರೆ, ಬೆಕ್ಕು ಮಂಕಾಗಿ ಏದುಸಿರು ಬಿಡುತ್ತಿದ್ದರೆ, ಕಾರಣ ಹಲ್ಲಿನದ್ದಲ್ಲದಿರಬಹುದು. ಬ್ರೋಮಾಡಯೊಲೋನ್ ಎಂಬ ಇಲಿ ಪಾಷಾಣ ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಕೊಲ್ಲುತ್ತದೆ. ಪಾಷಾಣ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ತಿರುಗುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ಅಂಥ ಇಲಿಗಳನ್ನು ತಿಂದ ಬೆಕ್ಕಿಗೂ ಅದೇ ಗತಿ ಬರಬಹುದು. ತಡಮಾಡದೆ ಪಶುವೈದ್ಯರಿಗೆ ಪಾಷಾಣದ ಪೊಟ್ಟಣ ತೋರಿಸಿದರೆ ಕೆ1 ಜೀವಸತ್ವದ ಚಿಕಿತ್ಸೆಯಿಂದ ಉಳಿಸಲು ಸಾಧ್ಯ. ಜಿಂಕ್ ಫಾಸ್ಫೈಡ್ ಬೇರೆ ಬಗೆಯದು. ಅದು ಹೊಟ್ಟೆಯಲ್ಲಿ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಆದುದರಿಂದ ಪಾಷಾಣ ಇಟ್ಟ ದಿನಗಳಲ್ಲಿ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ, ಹೊಟ್ಟೆ ತುಂಬ ಆಹಾರ ಕೊಡಿ. ಸತ್ತ ಇಲಿಗಳನ್ನು ದಿನವೂ ಹುಡುಕಿ ಆಳವಾಗಿ ಹೂಳಿ. ಬೆಕ್ಕಿರುವ ಉಗ್ರಾಣದಲ್ಲಿ ಪಾಷಾಣಕ್ಕಿಂತ ಬೋನು ಒಳ್ಳೆಯದು.

ಬೆಕ್ಕಿನ ಮೇಲೆಯೇ ಪೂರ್ತಿ ಭರವಸೆ ಇಡುವುದೂ ಸಲ್ಲದು. ಇಲಿಮರಿ, ಸಣ್ಣ ಇಲಿಗಳನ್ನು ಅದು ಹಿಡಿದೀತು, ಬಲಿತ ಹೆಗ್ಗಣದ ತಂಟೆಗೆ ಬಹುಪಾಲು ಬೆಕ್ಕುಗಳು ಹೋಗುವುದಿಲ್ಲ. ಬಿಲ ಮುಚ್ಚುವುದು, ಚೀಲಗಳನ್ನು ಗೋಡೆಯಿಂದ ದೂರ ಅಟ್ಟಣೆಯ ಮೇಲೆ ಇಡುವುದು, ಲೋಹದ ಕಣಜ ಬಳಸುವುದು ನಮ್ಮ ಕೆಲಸ.

ಮಾಡಬಾರದ ಕೆಲಸಗಳು

– ನೋವಿಗೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಒಂದು ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.
– ಲವಂಗದ ಎಣ್ಣೆ ಹಚ್ಚಬೇಡಿ. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು.
– ಇದ್ದಿಲು, ಇಟ್ಟಿಗೆಪುಡಿ, ಉಪ್ಪಿನಿಂದ ಉಜ್ಜಬೇಡಿ. ತೆಳುವಾದ ಕವಚ ಸವೆಯುತ್ತದೆ.
– ನಾವು ಬಳಸುವ ಟೂತ್‌ಪೇಸ್ಟ್ ಬೇಡ. ಬೆಕ್ಕು ಉಗುಳುವುದಿಲ್ಲ, ನುಂಗುತ್ತದೆ.
– ಗಟ್ಟಿ ಕಿಟ್ಟವನ್ನು ಚಾಕು, ಪಿನ್ನುಗಳಿಂದ ಕೆರೆಯಬೇಡಿ. ಅದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟು ತೆಗೆಯಬೇಕು. ವಸಡಿನ ಕೆಳಗಿನ ಕಿಟ್ಟ ತೆಗೆಯಲು ಬೇರೆ ದಾರಿಯಿಲ್ಲ.

ಸಾರಾಂಶ

ಮರಿಯಿದ್ದಾಗಲೇ ಅಗಿಯುವ ಆಹಾರ ರೂಢಿಮಾಡಿಸಿ. ಹಾಲನ್ನದ ಬದಲು ಬೇಯಿಸಿದ ಗಟ್ಟಿ ಮಾಂಸದ ಪಟ್ಟಿ, ಜೊತೆಗೆ ಸುಣ್ಣದ ಅಂಶ ಕೊಡಿ. ಮೂಳೆ ಬೇಡ. ವಾರಕ್ಕೊಮ್ಮೆ ತುಟಿಯೆತ್ತಿ ವಸಡು ನೋಡಿ. ವರ್ಷಕ್ಕೊಮ್ಮೆ ಹುಚ್ಚುರೋಗದ ಚುಚ್ಚುಮದ್ದಿಗೆ ಒಯ್ದಾಗ ಬಾಯಿಯನ್ನೂ ಪರೀಕ್ಷಿಸಲು ವೈದ್ಯರನ್ನು ಕೇಳಿ, ಇದಕ್ಕೆ ಬೇರೆ ಖರ್ಚೇನೂ ಆಗದು. ಎತ್ತಿನ ಹಲ್ಲು ನೋಡದೆ ಯಾವ ರೈತನೂ ಸಂತೆಯಲ್ಲಿ ಎತ್ತು ಕೊಳ್ಳುವುದಿಲ್ಲ. ಕಣಜ ಕಾಯುವ ಬೆಕ್ಕಿನ ಹಲ್ಲಿಗೂ ವಾರಕ್ಕೆ ಎರಡು ನಿಮಿಷ ಕೊಟ್ಟರೆ ಇನ್ನೂ ಹಲವು ಸುಗ್ಗಿಗಳ ಕಾಲ ಅದು ತನ್ನ ಕೆಲಸ ಮಾಡುತ್ತದೆ.